ಎರಡು ಎಕರೆ ಅಡಿಕೆ, ಮೂರು ಹಸು, ಅಪ್ಪನ ಮನೆ: ವರ್ಷದ ಕೆಲಸ ಹೊಂದಿಸೋದು ಹೇಗೆ?

ಕೇಳಿದವರು, ಸಿದ್ದಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಮಂಡಿನೋವು ಜಾಸ್ತಿಯಾಗಿ ತೋಟಕ್ಕೆ ಇಳಿಯೋದೇ ಕಷ್ಟವಾಗಿದೆ. ನಾನೂ ನನ್ನ ಹೆಂಡತಿಯೂ ಬೆಂಗಳೂರು ಬಿಟ್ಟು ಈ ಶಿವರಾತ್ರಿ ಕಳೆದ ಮೇಲೆ ಊರಿಗೆ ಬರ್ತಿದ್ದೇವೆ. ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುನಡುವೆ ಬಾಳೆ. ಕೊಟ್ಟಿಗೆಯಲ್ಲಿ ಮೂರು ಹಸು, ಗೋಬರ್ ಗ್ಯಾಸ್ ಇದೆ, ಗುಡ್ಡದಿಂದ ಹರಿದು ಬರೋ ಅಬ್ಬಿ ನೀರು ಮನೆಗೆ ಬರ್ತದೆ, ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟವೂ ಇದೆ. ಚಿಕ್ಕಂದಿನಲ್ಲಿ ಎಲ್ಲ ನೋಡಿದ್ದೇನೆ, ಆದರೆ ಯಾವುದಾದ ಮೇಲೆ ಯಾವುದು ಅನ್ನೋದು ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ "ಬಾ, ಬಂದ ಮೇಲೆ ಗೊತ್ತಾಗ್ತದೆ" ಅಂತಾರೆ. ಯಾವ ಕೆಲಸ ಯಾವ ಹೊತ್ತಿಗೆ ಮುಗಿದಿರಲೇಬೇಕು? ಯಾವುದನ್ನು ಮುಂದೆ ಹಾಕಿದರೂ ನಡೀತದೆ? ಹೆಂಡತಿ ಹಾವೇರಿ ಕಡೆಯವಳು, ನಮ್ಮ ಮಳೆಗಾಲ ಕಂಡವಳಲ್ಲ. ಅವಳೂ ಇದನ್ನು ಓದ್ತಾಳೆ.

ಸಾಗರದ ಹತ್ತಿರದಿಂದ, ತೋಟದ ಯಜಮಾನರೊಬ್ಬರು

ತಮ್ಮಾ, ಊರಿಗೆ ಬರ್ತಿರೋದು ಕೇಳಿ ತುಂಬ ಸಂತೋಷ ಆಯ್ತು. ನಮ್ಮ ಕಡೆ ಕೆಲಸದ ಲೆಕ್ಕವನ್ನು ಜನವರಿಯಿಂದಲೂ ಹಾಕೋದಿಲ್ಲ, ಯುಗಾದಿಯಿಂದಲೂ ಹಾಕೋದಿಲ್ಲ. ಮೃಗಶಿರಾ ಮಳೆ ಹುಟ್ಟೋದು ಜೂನ್ 7 ಅಥವಾ 8ಕ್ಕೆ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಅಷ್ಟರೊಳಗೆ ಒಣಗಬೇಕಾದ್ದೆಲ್ಲ ಒಣಗಿ ಸೂರಿನಡಿ ಸೇರಿರಬೇಕು, ನೀರು ಹರಿಯೋ ದಾರಿಯೆಲ್ಲ ತೆರೆದಿರಬೇಕು, ತೋಟಕ್ಕೆ ಮೊದಲನೇ ಮದ್ದು ಬಿದ್ದಿರಬೇಕು. ಈ ಮೂರು ತಪ್ಪಿದರೆ ವರ್ಷಪೂರ್ತಿ ಅನುಭವಿಸಬೇಕು. ಉಳಿದ ಬಹಳಷ್ಟು ಕೆಲಸ ಹದಿನೈದು ದಿನ ಹಿಂದೆ ಮುಂದೆ ಆದರೂ ಏನೂ ಆಗೋದಿಲ್ಲ.

ಒಣಗಬೇಕಾದ್ದು ಅಂದರೆ ಮೊದಲು ಕಟ್ಟಿಗೆ. ಗ್ಯಾಸ್ ಇದೆಯಲ್ಲ ಅಂತ ಬಿಡಬೇಡಿ. ಬಚ್ಚಲ ಒಲೆಗೆ, ಹಸುವಿಗೆ ಕೊಡೋ ಮಡ್ಡಿ ಬೇಯಿಸೋದಕ್ಕೆ, ಮುಂದೆ ಅಡಿಕೆ ಬೇಯಿಸೋದಕ್ಕೆ ಎಲ್ಲಕ್ಕೂ ಕಟ್ಟಿಗೆಯೇ ಬೇಕು. ಏಪ್ರಿಲ್ ಒಳಗೆ ಒಡೆದು, ಮೇ ಬಿಸಿಲಿಗೆ ಒಣಗಿಸಿ, ಕಟ್ಟಿಗೆಮನೆ ತುಂಬಿಸಿ. ಹಾಗೇ ಒಣಹುಲ್ಲು, ದರಕು (ಬೆಟ್ಟದಲ್ಲಿ ಉದುರಿದ ಒಣ ಎಲೆ). ಮಳೆ ಇರಚಲು ಬಡಿಯೋ ಗೋಡೆಗೆ ಮೊದಲೆಲ್ಲ ಅಡಿಕೆ ಸೋಗೆಯ ತಟ್ಟಿ ಕಟ್ತಿದ್ದರು, ಈಗ ಹೆಚ್ಚಿನವರು ಪ್ಲಾಸ್ಟಿಕ್ ಶೀಟ್ ಕಟ್ತಾರೆ. ಯಾವುದಾದರೂ ಸರಿ, ಮೇ ತಿಂಗಳಲ್ಲೇ ಆಗಲಿ. ಒಡೆದ ಹೆಂಚು ಬದಲಾಯಿಸೋದಿದ್ದರೆ ಏಪ್ರಿಲ್‌ಗೇ ಜನ ಹುಡುಕಿ. ಮೇ ಕೊನೆ ವಾರದಲ್ಲಿ ಎಲ್ಲರ ಮನೆಯ ಮಾಡೂ ಸೋರ್ತಿರ್ತದೆ, ಕೆಲಸದವರು ಸಿಗೋದಿಲ್ಲ.

ಬಸಿಗಾಲುವೆ ಬಗ್ಗೆ ಹೇಳ್ತೇನೆ ಕೇಳಿ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತ ನೀರು ಆಗೋದಿಲ್ಲ. ಕಾಲುವೆಯ ತಳ ಬೇರಿನ ಮಟ್ಟಕ್ಕಿಂತ ಒಂದು ಗೇಣಾದರೂ ಕೆಳಗಿರಬೇಕು. ಬೇಸಿಗೆಯಲ್ಲಿ ಸೋಗೆ, ಹಾಳೆ, ಮಣ್ಣು ಬಿದ್ದು ಅದು ಅರ್ಧ ಮುಚ್ಚಿರ್ತದೆ. ತೋಟದ ತಗ್ಗಿನ ತುದಿಯಿಂದ ಶುರುಮಾಡಿ ಮೇಲಕ್ಕೆ ಬಿಡಿಸಿಕೊಂಡು ಬನ್ನಿ. ತೆಗೆದ ಮಣ್ಣನ್ನು ಮರದ ಬುಡಕ್ಕೆ ಏರಿಸಿದರೆ ಅದೇ ಗೊಬ್ಬರ.

ಇನ್ನು ಮದ್ದು. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರೋ ಕೊಳೆ ರೋಗ ತಡೆಯೋದಕ್ಕೆ ಇವತ್ತಿಗೂ ನಾವು ನಂಬಿರೋದು ಬೋರ್ಡೋ ದ್ರಾವಣವನ್ನೇ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಾಸ ಮಾಡಿ ರೈತರಿಗೆ ಇದನ್ನು ಕಲಿಸಿಕೊಟ್ಟರು. ಅದಕ್ಕೂ ಮುಂಚೆ ಅಡಿಕೆ ಕೊನೆಗೆ (ಗೊನೆಗೆ) ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಮುಚ್ಚೋದೇ ದಾರಿಯಾಗಿತ್ತು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಹಿಂದಿನ ರಾತ್ರಿಯೇ ನೀರಲ್ಲಿ ಇಳಿಬಿಡಿ, ಬೆಳಗಾಗೋದರೊಳಗೆ ಕರಗಿರ್ತದೆ. ಡ್ರಮ್ಮು ಪ್ಲಾಸ್ಟಿಕ್‌ದೇ ಆಗಬೇಕು, ಕಬ್ಬಿಣ, ತಗಡು ಬೇಡ. ಸುಣ್ಣ ಹೊಸದಿರಲಿ, ಗಾಳಿಗೆ ಸಿಕ್ಕು ಬೂದಿಯಾದದ್ದು ಕೆಲಸಕ್ಕೆ ಬರೋದಿಲ್ಲ. ಅದನ್ನು ಬೇರೆ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕದಡಿ ಸೋಸಿಕೊಳ್ಳಿ. ಆಮೇಲೆ 50 ಲೀಟರ್ ತುತ್ತದ ನೀರನ್ನು ನಿಧಾನಕ್ಕೆ ಸುಣ್ಣದ ನೀರಿಗೆ ಹೊಯ್ಯುತ್ತ ಕೋಲಿನಿಂದ ತಿರುವುತ್ತಾ ಇರಬೇಕು. ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ತಿಳಿನೀಲಿ ಬಣ್ಣ ಬಂದ ಮೇಲೆ ಚೆನ್ನಾಗಿ ತಿಕ್ಕಿದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದು ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಲಗು ಹಾಗೇ ಹೊಳೆಯುತ್ತಿದ್ದರೆ ಹದ ಬಂತು ಅಂತ ಅರ್ಥ. ಕಲಸಿದ್ದನ್ನು ಅವತ್ತೇ ಖಾಲಿ ಮಾಡಬೇಕು, ನಾಳೆಗೆ ಇಟ್ಟರೆ ಗುಣ ಇರೋದಿಲ್ಲ.

ಮೊದಲನೇ ಮದ್ದು ಮಳೆ ಹಿಡಿಯೋ ಮುಂಚೆ, ಎರಡನೆಯದು ಅದಾಗಿ 40–45 ದಿನಕ್ಕೆ. ಎರಡನೆಯದಕ್ಕೆ ಬಿಡುವು ಸಿಗೋದೇ ಕಷ್ಟ. ಆರಿದ್ರಾ ಮಳೆ ಆರದೇ ಹೊಯ್ಯುತ್ತದೆ ಅಂತ ಗಾದೆಯೇ ಇದೆ. ಪುನರ್ವಸು, ಪುಷ್ಯದ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವಾಯಿತು ಅಂದರೆ ಬೇರೆ ಏನೇ ಕೆಲಸ ಇದ್ದರೂ ಬಿಟ್ಟು ಮದ್ದಿಗೆ ಇಳೀಬೇಕು.

ಸೊರಬದಿಂದ, ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಅಕ್ಕ

ಅಣ್ಣ ತೋಟದ್ದು ಚೆನ್ನಾಗಿ ಹೇಳಿದ್ದಾರೆ. ನನಗೆ ಕಾಳಜಿ ಆಗ್ತಿರೋದು ನೀವು ಬರೋ ಹೊತ್ತಿನ ಬಗ್ಗೆ. ಶಿವರಾತ್ರಿ ಕಳೆದ ಮೇಲೆ ಅಂದರೆ ಸರಿಯಾಗಿ ದರಕಿನ ಕಾಲ. ಬಂದ ವಾರದಲ್ಲೇ ಬೆಟ್ಟಕ್ಕೆ ಹೋಗಿ ದರಕು ಬಾಚಿ ಹಗ್ಗದ ಬಲೆಯ ಕಲ್ಲಿಯಲ್ಲಿ ತುಂಬಿ ಹೊತ್ತು ತರೋದು ಶುರುವಾಗ್ತದೆ. ಅದೇ ಹೊತ್ತು ಉಣುಗಿನ (ರಕ್ತ ಹೀರೋ ಉಣ್ಣೆಯ) ಕಾಲವೂ ಹೌದು. ಉಣುಗು ಕಚ್ಚೋದರಿಂದ ಬರೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಗ ನಿಮ್ಮ ಸಿದ್ದಾಪುರ ತಾಲ್ಲೂಕಿನಲ್ಲೂ ಇದೆ. ಡಿಸೆಂಬರಿನಿಂದ ಮೇ ವರೆಗೆ ಜೋರು. ಹಿಂದೆ ಕೊಡ್ತಿದ್ದ ಲಸಿಕೆಯನ್ನು ನಿಲ್ಲಿಸಿದ್ದಾರೆ, ಹಾಗಾಗಿ ಉಣುಗು ಕಚ್ಚದ ಹಾಗೆ ನೋಡಿಕೊಳ್ಳೋದೇ ಮುಖ್ಯ.

ಬೆಟ್ಟಕ್ಕೆ ಹೋಗೋ ಮುಂಚೆ ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತಿರ ಬಾರದಂತೆ ಹಚ್ಚೋ ಡೇಪಾ ಎಣ್ಣೆ ಕೊಡ್ತಾರೆ, ಕೈಕಾಲು ಕುತ್ತಿಗೆಗೆ ಹಚ್ಚಿಕೊಳ್ಳಿ. ಮನೆಗೆ ಬಂದವರು ಸೀದಾ ಬಚ್ಚಲಿಗೆ, ಬಟ್ಟೆ ಬಿಸಿನೀರಿಗೆ. ಮೈಯನ್ನು ಒಬ್ಬರಿಗೊಬ್ಬರು ಹುಡುಕಿ ನೋಡಿ. ಮರಿ ಉಣುಗು ಎಳ್ಳಿಗಿಂತ ಸಣ್ಣ, ಕಣ್ಣಿಗೆ ಬೇಗ ಬೀಳೋದಿಲ್ಲ. ದರಕಿನ ರಾಶಿ ಮೇಲೆ ಮಕ್ಕಳನ್ನು ಆಡೋದಕ್ಕೆ ಬಿಡಬೇಡಿ. ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಗಾಗೋದು ಇದ್ದರೆ ಮಾತ್ರೆ ನುಂಗಿ ಮಲಗಬೇಡಿ, ಬೆಟ್ಟಕ್ಕೆ ಹೋಗಿದ್ದೆ ಅಂತ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಶಿರಸಿ ಕಡೆಯಿಂದ, ಅತ್ತಿಗೆಯೊಬ್ಬರು

ಇದು ಹಾವೇರಿ ತಂಗಿಗೆ. ತಂಗೀ, ನಾನೂ ಬಯಲು ನಾಡಿನಿಂದ ಈ ಮನೆಗೆ ಬಂದವಳು. ಇಲ್ಲಿ ಗಂಡಸರು ತೋಟದ ಲೆಕ್ಕ ಹೇಳ್ತಾರೆ, ಆದರೆ ಮಳೆಗಾಲ ದಾಟಿಸೋದು ಬೇಸಿಗೆಯಲ್ಲಿ ತುಂಬಿಟ್ಟ ಭರಣಿ. ಜುಲೈ ತಿಂಗಳಲ್ಲಿ ಪೇಟೆಗೆ ಹೋಗೋ ದಾರಿ ಮುಚ್ಚಿ, ಕರೆಂಟು ಹೋಗಿ ಎರಡು ದಿನ ಬಾರದೆ ಇರೋದು ಇಲ್ಲಿ ಅಪರೂಪ ಅಲ್ಲ.

ನೀನು ಬರೋ ಹೊತ್ತಿಗೆ ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮಾವಿನ ಸುಗ್ಗಿ. ಮರದಿಂದ ಕೊಯ್ದದ್ದನ್ನೇ ತಗೋ, ಉದುರಿ ಪೆಟ್ಟಾದ ಮಿಡಿ ಒಂದು ಸೇರಿದರೂ ಭರಣಿ ಪೂರ್ತಿ ಮೆತ್ತಗಾಗ್ತದೆ. ತೊಟ್ಟನ್ನು ಬುಡಕ್ಕೇ ಮುರೀಬೇಡ, ಸ್ವಲ್ಪ ಉಳಿಸಿಕೋ. ಸೊನೆ ಒಳಗೇ ಉಳಿದರೆ ಅದರ ಪರಿಮಳವೇ ಬೇರೆ, ಕೆಡೋದೂ ಇಲ್ಲ. ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಕಲ್ಲುಪ್ಪು ಒಂದು ಪದರ, ಮಿಡಿ ಒಂದು ಪದರ. ಅದು ತನ್ನ ನೀರನ್ನು ತಾನೇ ಬಿಟ್ಟುಕೊಂಡು ಸುಕ್ಕಾಗ್ತದೆ. ಸುಕ್ಕಾದ ಮೇಲೇ ಮಸಾಲೆಯ ಮಾತು.

ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಹಪ್ಪಳ. ಬೆಳೆದಿರಬೇಕು, ಹಣ್ಣಾಗಿರಬಾರದು. ತೊಳೆ ಬೇಯಿಸಿ, ಬಿಸಿ ಇರುವಾಗಲೇ ಬೀಸಿ ಉಂಡೆ ಕಟ್ಟಿ ಒತ್ತೋದು. ಇದನ್ನು ಒಬ್ಬಳೇ ಮಾಡೋದಕ್ಕೆ ಹೋಗಬೇಡ. ಅಕ್ಕಪಕ್ಕದ ಮನೆಯವರು ಒಂದೊಂದು ದಿನ ಒಬ್ಬೊಬ್ಬರಲ್ಲಿ ಸೇರ್ತಾರೆ. ನೀನು ಮೊದಲು ಅವರ ಮನೆಗೆ ಹೋಗು, ಆಮೇಲೆ ಅವರು ನಿನ್ನಲ್ಲಿಗೆ ಬರ್ತಾರೆ. ಊರಿನ ಪರಿಚಯ ಆಗೋದಕ್ಕೆ ಇದಕ್ಕಿಂತ ಒಳ್ಳೇ ದಾರಿ ನಾನು ಕಂಡಿಲ್ಲ. ಮೇ ತಿಂಗಳಲ್ಲೇ ಮುರುಗಲು (ಪುನರ್ಪುಳಿ) ಸಿಪ್ಪೆ ಒಣಗಿಸಿಟ್ಟರೆ ವರ್ಷಪೂರ್ತಿ ಸಾರಿಗೆ ಹುಳಿಯಾಯ್ತು.

ಮನೆಯ ಹಿಂದಿನ ಹಿತ್ತಿಲಿಗೆ ಹೀರೆ, ಬೆಂಡೆ, ಮುಳ್ಳುಸೌತೆ, ಹಾಗಲ ಬೀಜವನ್ನು ರೋಹಿಣಿ ಮಳೆಯ ಹದಕ್ಕೇ ಹಾಕು, ಅಂದರೆ ಮೇ ಕೊನೆ ವಾರ. ಗಿಡ ಒಂದು ಮೊಳ ಎದ್ದಿದ್ದರೆ ಜೋರು ಮಳೆ ತಡೀತದೆ, ಆಗ ತಾನೇ ಮೊಳೆತದ್ದಾದರೆ ಕೊಳೆತು ಹೋಗ್ತದೆ. ಮೊಗೆಕಾಯಿ (ಸಾಂಬಾರ್ ಸೌತೆ) ಬಲಿತಾಗ ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರ್ತದೆ. ನೆಲಕ್ಕೆ ತಾಗಿಸಿ ಇಡಬಾರದು, ಒಂದಕ್ಕೊಂದು ತಾಗಲೂಬಾರದು. ಕಳಲೆ (ಎಳೆ ಬಿದಿರು) ಯಾರಾದರೂ ತಂದುಕೊಟ್ಟರೆ ಹಾಗೇ ಬೇಯಿಸಬೇಡ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ, ಎರಡು ಮೂರು ದಿನ ಬಿಟ್ಟು ಬೇಯಿಸು. ಅದರಲ್ಲಿ ನಂಜಿದೆ. ಇಂಬಳಕ್ಕೆ (ಜಿಗಣೆಗೆ) ಹೆದರಬೇಡ, ಉಪ್ಪಿನ ಗಂಟು ಸೊಂಟದಲ್ಲಿರಲಿ ಸಾಕು.

ತೀರ್ಥಹಳ್ಳಿಯಿಂದ

ನನ್ನದು ಬರೀ ಆಳಿನ ವಿಷಯ. ಇವತ್ತು ಕಷ್ಟ ಇರೋದು ಕೆಲಸ ಗೊತ್ತಿಲ್ಲದ್ದಕ್ಕಲ್ಲ, ಮರ ಹತ್ತುವವರು ಸಿಗದ್ದಕ್ಕೆ. ಅಪ್ಪನ ತೋಟಕ್ಕೆ ಬರ್ತಿದ್ದ ಕೊನೆಗೌಡ (ಮರ ಹತ್ತಿ ಕೊನೆ ತೆಗೆಯೋರು) ಯಾರು ಅಂತ ಕೇಳಿ, ಊರಿಗೆ ಬಂದ ಕೂಡಲೇ ಅವರ ಮನೆಗೆ ನೀವೇ ಹೋಗಿ ಮಾತಾಡಿ ಬನ್ನಿ. ಫೋನಲ್ಲಿ ಕರೆದರೆ ಆಗೋದಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಮದ್ದು ಹೊಡೀಬಹುದು, ಕೊನೆ ತೆಗೀಬಹುದು. ನಾಲ್ಕು ಮನೆ ಸೇರಿ ಒಂದು ತಗೊಂಡರೆ ಹೊರೆ ಆಗೋದಿಲ್ಲ. ಆದರೆ ತುಂಬ ಎತ್ತರದ ಹಳೇ ಮರಕ್ಕೆ ಜನವೇ ಬೇಕು. ಕರೆಂಟು ತಂತಿ ಹತ್ತಿರ ದೋಟಿ ಎತ್ತಲೇಬೇಡಿ, ಅದರಲ್ಲಿ ವಿದ್ಯುತ್ ಹರೀತದೆ.

ಮುಂದೆ ಹಾಕಬಹುದಾದ್ದು ಕೇಳಿದ್ದೀರಿ: ಕಳೆ. ತೋಟ ಕನ್ನಡಿ ಹಾಗಿರಬೇಕು ಅಂತ ಮಳೆಗಾಲದಲ್ಲಿ ಕೆತ್ತಿಸಬೇಡಿ. ಹುಲ್ಲಿನ ಬೇರು ಮಣ್ಣು ಹಿಡ್ಕೊಂಡಿರ್ತದೆ. ಮೇಲೆ ಸವರಿ ಅಲ್ಲೇ ಬಿಟ್ಟರೆ ಆಯ್ತು. ಎಲೆಚುಕ್ಕಿ ರೋಗ ಹತ್ತಿದ ಸೋಗೆ ಮಾತ್ರ ತೋಟದಲ್ಲಿ ಬಿಡದೆ ತೆಗೆದು ಸುಡಿ.

ಕೇಳಿದವರು

ಎಲ್ಲರಿಗೂ ಕೈ ಮುಗಿದೆ. ಉಣುಗಿನ ವಿಷಯ ನಮಗೆ ಹೊಳೆದೇ ಇರಲಿಲ್ಲ, ಡೇಪಾ ಎಣ್ಣೆಗೆ ಅಪ್ಪನ ಹತ್ತಿರ ಇವತ್ತೇ ಹೇಳಿದೆ. ಇನ್ನೊಂದು ಕೇಳ್ತೇನೆ. ಹಾಲು ಡೈರಿಯಿಂದ ತರೋಣ, ಎರಡು ಹಸು ಕೊಟ್ಟು ಒಂದೇ ಇಟ್ಕೊಳ್ಳೋಣ ಅಂತ ಮನೆಯಲ್ಲಿ ಮಾತು ನಡೀತಿದೆ. ಏನು ಮಾಡೋದು?

ಸಾಗರದ ಯಜಮಾನರು

ಹಾಲಿನ ಲೆಕ್ಕದಲ್ಲಿ ನೋಡಿದರೆ ಒಂದು ಸಾಕು. ಗೊಬ್ಬರದ ಲೆಕ್ಕದಲ್ಲಿ ನೋಡಿ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅನ್ನೋದು ಶಿಫಾರಸು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ನಿಮ್ಮ ಎರಡು ಎಕರೆಗೆ 1,100 ಮರ ಅಂದರೆ ಗೊಬ್ಬರವೇ 13 ಟನ್ ದಾಟಿತು. ಒಂದು ಹಸು ಇಟ್ಕೊಂಡು ಅಷ್ಟು ಆಗೋದಿಲ್ಲ. ಮೂರಿದ್ದರೂ ದಿನಾ ಕಾಲಡಿಗೆ ದರಕು, ಮಳೆಗಾಲದಲ್ಲಿ ಹಸಿಸೊಪ್ಪು ಹಾಸಿದರಷ್ಟೇ ಗುಂಡಿ ತುಂಬೋದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದು ಇದಕ್ಕೇ. ನಿಮ್ಮ ಗೋಬರ್ ಗ್ಯಾಸ್ 2 ಘನ ಮೀಟರಿನದ್ದಾದರೆ ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು ಬೇಕು. ಮಿಶ್ರತಳಿಯ ದೊಡ್ಡ ಹಸು ಮೂರಿದ್ದರೆ ನಡೀತದೆ. ನಮ್ಮ ಸಣ್ಣ ನಾಟಿ ತಳಿ ಮಲೆನಾಡು ಗಿಡ್ಡವಾದರೆ ಮೂರೂ ಸೇರಿ ಅಷ್ಟು ಹಾಕೋದಿಲ್ಲ, ಗ್ಯಾಸ್ ಕಡಿಮೆ ಬರ್ತದೆ, ಆದರೆ ಅವಕ್ಕೆ ರೋಗ ಕಡಿಮೆ, ಬೆಟ್ಟ ಮೇದು ಬರ್ತವೆ.

ನನ್ನ ಅಭಿಪ್ರಾಯ ಕೇಳಿದರೆ ಒಂದು ವರ್ಷ ಏನನ್ನೂ ಕೊಡಬೇಡಿ, ಕಡಿಯಬೇಡಿ, ಹೊಸದನ್ನು ನೆಡಲೂಬೇಡಿ. ಅಪ್ಪ ಕೂತಲ್ಲೇ ಹೇಳಲಿ, ನೀವು ಮಾಡಿ. ಅವರಿಗೆ ತೋಟದ ಯಾವ ಮೂಲೆಯಲ್ಲಿ ನೀರು ನಿಲ್ತದೆ, ಯಾವ ಸಾಲಿಗೆ ಕೊಳೆ ಮೊದಲು ಬರ್ತದೆ ಅಂತ ಗೊತ್ತಿರ್ತದೆ. ಅದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ದೀಪಾವಳಿ ಗೋಪೂಜೆ ಮುಗಿಸಿಕೊಂಡು ಕೊನೆ ಕೊಯ್ಲಿಗೆ ಇಳಿಯೋ ಹೊತ್ತಿಗೆ ಬೇಯಿಸೋ ಹಂಡೆ, ಸುಲಿಯೋ ಮೆಟ್ಟುಗತ್ತಿ, ಒಣಗಿಸೋ ಅಟ್ಟ ಸರಿ ಇದೆಯಾ ಅಂತ ನೋಡಿಕೊಳ್ಳಿ. ಕೆಂಪಡಿಕೆಯೋ (ಹಸಿಯಾಗಿ ಸುಲಿದು ಬೇಯಿಸಿದ್ದು) ಚಾಲಿಯೋ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಅನ್ನೋದನ್ನು ಆಗ ಕೂತು ಮಾತಾಡೋಣ, ಅದಕ್ಕೆ ಸುಲಿಯೋ ಜನ ಎಷ್ಟು ಸಿಗ್ತಾರೆ ಅನ್ನೋದರ ಮೇಲೆ ತೀರ್ಮಾನ.