ಸಹಾಯ ಬೇಕು: ಅಪ್ಪನ ಕವಳದ ಸಂಚಿ ಮತ್ತು ವಿಮಾನ

ಎಲ್ಲರಿಗೂ ನಮಸ್ಕಾರ, ಶಿರಸಿಯಿಂದ ಬರೀತಿದ್ದೇನೆ. ಮುಂದಿನ ವಾರ ಅಪ್ಪನನ್ನು ಹುಬ್ಬಳ್ಳಿಯಿಂದ ವಿಮಾನದಲ್ಲಿ ಕರೆದುಕೊಂಡು ಹೋಗಬೇಕು. ಅವರ ಕವಳದ (ಎಲೆ-ಅಡಿಕೆಯ) ಸಂಚಿಯಲ್ಲಿ ಅಡಕತ್ತರಿ, ಜೊತೆಗೆ ಬೆರಳುದ್ದದ ಒಂದು ಮಡಚುವ ಚಾಕು, ಹಿಡಿ ಸವೆದು ನುಣ್ಣಗಾಗಿದೆ, ಅಜ್ಜನ ಕಾಲದ್ದು. ಹೋದ ಸಲ ಬೇರೆ ಕಡೆ ಸೆಕ್ಯೂರಿಟಿಯಲ್ಲಿ ಇಂಥದ್ದೇ ಒಂದನ್ನು ತೆಗೆದು ಡಬ್ಬಕ್ಕೆ ಹಾಕಿದರು, ದಾರಿಯುದ್ದಕ್ಕೂ ಅಪ್ಪ ಮಾತೇ ಆಡಲಿಲ್ಲ. ಕೈಚೀಲದಲ್ಲಿ ಚಾಕು ಬಿಡಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಬೇಕು ಅಂತ ಗೊತ್ತು. ಆದರೆ ನಮ್ಮದು ಎರಡೇ ಕೈಚೀಲ, ಇದೊಂದಕ್ಕೆ ಸುಮ್ನೆ ಸೂಟ್‌ಕೇಸ್ ಹೊರಬೇಕಾ? ಸಣ್ಣ ಡಬ್ಬಿಯಲ್ಲಿಟ್ಟು ಟೇಪ್ ಸುತ್ತಿ ಕೌಂಟರಿನಲ್ಲಿ ಕೊಟ್ಟರೆ ತಗೋತಾರಾ? ಅಡಕತ್ತರಿ ಕೂಡ ಅದರಲ್ಲೇ ಇಡಬಹುದು ಅಲ್ವಾ? ಹಾಗೆ ಕಳಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಮನೆಯಲ್ಲೇ ಬಿಟ್ಟು ಬನ್ನಿ ಅಂತ ಮಾತ್ರ ಹೇಳಬೇಡಿ, ಅದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ.