ಅಪ್ಪನ ತಟ್ಟೆಗೆ ಏನು ಬಡಿಸೋದು? ಒಬ್ಬೊಬ್ಬರದು ಒಂದೊಂದು ಮಾತು

ಶಿವಮೊಗ್ಗದಿಂದ ಪ್ರಶ್ನೆ: ಅಪ್ಪನಿಗೆ 63 ವರ್ಷ. ಹೋದ ತಿಂಗಳ ರಿಪೋರ್ಟಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 168, ಶುಗರ್ ಕೂಡ ಗಡಿಯಲ್ಲಿದೆ. ತುಪ್ಪ, ಕೊಬ್ಬರಿ ಎಣ್ಣೆ ಕಡಿಮೆ ಮಾಡಿ ಅಂದರು ಡಾಕ್ಟರು. ಚಿಕ್ಕಪ್ಪ ಕೀಟೋ (ಅನ್ನ, ರೊಟ್ಟಿ ಬಿಟ್ಟು ಕೊಬ್ಬೇ ಜಾಸ್ತಿ ತಿನ್ನುವ ಪಥ್ಯ) ಮಾಡಿ ಹನ್ನೆರಡು ಕೆಜಿ ಇಳಿದಿದ್ದಾರೆ. ಅವರಿಗೆ ತುಪ್ಪವೇ ಔಷಧಿ, ಅನ್ನವೇ ವಿಷ. ಪಕ್ಕದ ಮನೆಯವರು ಓಟ್ಸ್ ಡಬ್ಬ ತಂದುಕೊಟ್ಟರು. "ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ಒಗ್ಗರಣೆ ಹಾಕ್ತೀನಿ" ಅಂತ ಅಮ್ಮ ಸೌಟು ಹಿಡಿದು ನಿಂತಿದ್ದಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಉಡುಪಿ ಕಡೆಯಿಂದ: ನಮ್ಮ ಅತ್ತೆಯ ಪಾಡೂ ಇದೇ ಆಗಿತ್ತು. ಮೊದಲು ತೆಂಗಿನೆಣ್ಣೆ ಬಿಟ್ಟು ಸೂರ್ಯಕಾಂತಿ ಎಣ್ಣೆ ಹಿಡಿದೆವು. ಆಮೇಲೆ ತೆಂಗಿನೆಣ್ಣೆ ಅಮೃತ ಅನ್ನುವ ವಿಡಿಯೊಗಳು ಬಂದವು, ಖುಷಿಯಿಂದ ವಾಪಸಾದೆವು. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದರಲ್ಲಿ 82% ಸ್ಯಾಚುರೇಟೆಡ್ ಕೊಬ್ಬಿದೆ (ತುಪ್ಪದಲ್ಲೂ ಇರುವ, ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೊಬ್ಬು), ಬೇಡ ಅಂದಾಗ ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಅಜ್ಜಿ 91 ವರ್ಷ ಬದುಕಲಿಲ್ವಾ? ಬದುಕಿದರು, ಸರಿ. ದಿನಾ ಗದ್ದೆಗೆ ಇಳಿಯುತ್ತಿದ್ದರು, ಎಣ್ಣೆಯನ್ನು ಬೆರಳೆಣಿಸಿ ಖರ್ಚು ಮಾಡುತ್ತಿದ್ದರು ಅನ್ನೋದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಕೊನೆಗೆ ನನ್ನ ಮೇಲೇ ನೋಡಿಕೊಂಡೆ. ಬೇರೇನೂ ಬದಲಿಸದೆ ಮೂರು ತಿಂಗಳು ಕಡಲೆಕಾಯಿ ಎಣ್ಣೆ: ಎಲ್‌ಡಿಎಲ್ 151ರಿಂದ 129ಕ್ಕೆ ಬಂತು. ಮತ್ತೆ ಮೂರು ತಿಂಗಳು ತೆಂಗಿನೆಣ್ಣೆ: 148. ನನಗೆ ಹೀಗಾಯಿತು. ಒಬ್ಬಳ ಲೆಕ್ಕ ಹಿಡಿದು ಊರಿಗೆಲ್ಲ ಹೇಳೋಕಾಗಲ್ಲ, ಆದರೆ ನನ್ನ ಅಡುಗೆಗೆ ಅಷ್ಟು ಸಾಕು. ಈಗ ತೆಂಗಿನೆಣ್ಣೆ ಮಾವಿನಕಾಯಿ ಗೊಜ್ಜಿಗೆ ಮಾತ್ರ, ಒಂದೇ ಚಮಚ. ಅದನ್ನೂ ಬಿಡು ಅಂದರೆ ಆಗಲ್ಲ.

ಮಂಡ್ಯದಿಂದ: ನಮ್ಮಲ್ಲಿ ಜಗಳ ರಾಗಿದು. "ರಾಗಿ ತಿಂದವ ನಿರೋಗಿ" ಅಂತ ಅಪ್ಪ ಅನ್ನ ಬಿಟ್ಟರು. ಎರಡೂ ಹೊತ್ತು ಎರಡೆರಡು ಮುದ್ದೆ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದರೆ ಶುಗರ್ 240. ಮಿಷಿನ್ ಕೆಟ್ಟಿದೆ ಅಂದರು. ಮಾರನೇ ದಿನ 232. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ಅದು ನಿಜ. ಆದರೆ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟೇ, ಅದನ್ನ ಯಾರೂ ಹೇಳಲ್ಲ. ಈಗ ಒಂದೇ ಮುದ್ದೆ, ಸಣ್ಣದು. ಬಸ್ಸಾರಿನ ಸೊಪ್ಪು, ಕಾಳು ಡಬಲ್. 170ರ ಆಸುಪಾಸಿನಲ್ಲಿದೆ.

ಬೆಂಗಳೂರಿನಿಂದ: ಯಾರನ್ನೂ ನಂಬಬೇಡಿ ಸಾರ್. 1968ರಲ್ಲಿ ಇದೇ ಹಾರ್ಟ್ ಅಸೋಸಿಯೇಷನ್ ವಾರಕ್ಕೆ ಮೂರು ಮೊಟ್ಟೆಯ ಹಳದಿ ಮಾತ್ರ ಅಂದಿತ್ತು. 2015ರಲ್ಲಿ ಅಮೆರಿಕ ಸರ್ಕಾರದ ಆಹಾರ ಸಲಹೆಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಅನ್ನುವ ಮಿತಿಯೇ ಮಾಯ. ಹೃದಯ ರೋಗಕ್ಕೆ ಕೊಬ್ಬೇ ಕಾರಣ, ಸಕ್ಕರೆ ಪಾಪದ್ದು ಅನ್ನುವ ಹಾಗೆ 1967ರಲ್ಲಿ ಹಾರ್ವರ್ಡ್‌ನವರು ಬರೆದರಲ್ಲ, ಅದಕ್ಕೆ ದುಡ್ಡು ಕೊಟ್ಟಿದ್ದು ಸಕ್ಕರೆ ಉದ್ಯಮ ಅಂತ ಹೊರಬಿದ್ದಿದ್ದು 2016ರಲ್ಲಿ! ನಮ್ಮಜ್ಜನ ಊಟವೇ ಸರಿ.

ಧಾರವಾಡದಿಂದ: ನಾನು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸಕ್ಕರೆಯವರು ಮೋಸ ಮಾಡಿದರು ಅಂದ ಮಾತ್ರಕ್ಕೆ ತುಪ್ಪ ಒಳ್ಳೆಯದಾಗಿಬಿಡುತ್ತಾ? ಮೊಟ್ಟೆಯ ಮಾತು ಬದಲಾಗಿದ್ದಕ್ಕೆ ಕಾರಣ ಇದೆ. ರಕ್ತದ ಕೊಲೆಸ್ಟ್ರಾಲನ್ನು ಬಹುಪಾಲು ನಮ್ಮ ಲಿವರ್ರೇ ತಯಾರಿಸುತ್ತದೆ. ಊಟದಲ್ಲಿರುವ ಕೊಲೆಸ್ಟ್ರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬು ಅದನ್ನು ಜಾಸ್ತಿ ಏರಿಸುತ್ತದೆ. ಈ ಎರಡನೇ ಮಾತು ಇನ್ನೂ ನಿಂತಿದೆ. ತಪ್ಪು ಬೇರೆ ಕಡೆ ಆಗಿದ್ದು. ತುಪ್ಪದ ಜಾಗಕ್ಕೆ ಡಾಲ್ಡಾ ಬಂತು, ಎಣ್ಣೆಯನ್ನು ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತ ಕೆಟ್ಟದ್ದು. ನಮ್ಮ ದೇಶದಲ್ಲಿ ಅದಕ್ಕೆ 2%ರ ಮಿತಿ ಜಾರಿಯಾಗಿದ್ದು 2022ರಲ್ಲಿ!

ಅಂದಹಾಗೆ, ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ಶಿವಮೊಗ್ಗದಿಂದ ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ಮೊದಲ ಮೂರು ತಿಂಗಳು ಎಣ್ಣೆ, ತುಪ್ಪ ಮಾತ್ರ ಕಡಿಮೆ ಮಾಡೋದು ಅಂತಾಯಿತು, ಅನ್ನದ ಸುದ್ದಿ ಆಮೇಲೆ. ಓಟ್ಸಿನಲ್ಲಿ ಅಮ್ಮ ದೋಸೆ ಹುಯ್ಯಲು ನೋಡಿದರು, ಕಾವಲಿಯಿಂದ ಏಳಲೇ ಇಲ್ಲ. ಚಿಕ್ಕಪ್ಪನಿಗೆ ನಿಮ್ಮ ಎಲ್‌ಡಿಎಲ್ ಎಷ್ಟು ಅಂತ ಕೇಳಿದೆ. ಕೀಟೋ ಶುರು ಮಾಡಿದ ಮೇಲೆ ಟೆಸ್ಟೇ ಮಾಡಿಸಿಲ್ಲವಂತೆ. ಶನಿವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಣ್ಣ ತಮ್ಮ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.