‘ಸಾಕಷ್ಟು’ ಅಂದರೆ ಸಾಲುವಷ್ಟೋ, ಜಾಸ್ತಿಯೋ?

ಅಡುಗೆ ಬರಹದಲ್ಲಿ ‘ಸಾಕಷ್ಟು ನೀರು ಹಾಕಿ’ ಎಂದಿದ್ದರೆ ನೀವು ಎಷ್ಟು ಹಾಕುತ್ತೀರಿ? ಬೇಯಲು ಸಾಲುವಷ್ಟೋ, ಧಾರಾಳವಾಗಿಯೋ?

ಬಿಡಿಸಿದರೆ ಅದು ಸಾಕು + ಅಷ್ಟು. ಕೊರತೆಯೂ ಇಲ್ಲ, ಉಳಿಕೆಯೂ ಇಲ್ಲ. ಆದರೆ ‘ಸಭೆಗೆ ಸಾಕಷ್ಟು ಜನ ಬಂದಿದ್ದರು’ ಎಂದು ಓದಿದರೆ ತುಂಬಾ ಜನ ಅಂತಲೇ ತಿಳಿಯುತ್ತೇವೆ, ಅಲ್ವಾ? ‘ಕೆರೆಯಲ್ಲಿ ಸಾಕಷ್ಟು ನೀರಿಲ್ಲ’ ಎಂದಾಗ ಮಾತ್ರ ಮೂಲ ಅರ್ಥ ಮರಳುತ್ತದೆ. ‘ಸಾಕಷ್ಟು ಜನ ಬರಲಿಲ್ಲ’ ಎನ್ನುವುದಂತೂ ಎರಡೂ ಕಡೆ ವಾಲುತ್ತದೆ: ಬಂದವರು ಸಾಲಲಿಲ್ಲವೋ, ತುಂಬಾ ಜನ ತಪ್ಪಿಸಿಕೊಂಡರೋ?

‘ಬೇಕಾದಷ್ಟು’ ಕೂಡ ಹೀಗೇ. ‘ಮನೆಯಲ್ಲಿ ತೆಂಗಿನಕಾಯಿ ಬೇಕಾದಷ್ಟಿದೆ’ ಅಂದರೆ ರಾಶಿ ಬಿದ್ದಿದೆ ಎಂದರ್ಥ. ‘ಬೇಕಾದಷ್ಟೇ ತಗೋ’ ಎಂದರೆ ಆ ಒಂದು ಏಕಾರ ಅಳತೆಯನ್ನು ಬಿಗಿ ಮಾಡುತ್ತದೆ. ಈ ಉಪಾಯ ‘ಸಾಕಷ್ಟು’ವಿಗೆ ಒಗ್ಗದು. ‘ಸಾಕಷ್ಟೇ’ ಎಂದರೆ ಮಾತು ಮುಗಿಸಿದಂತೆ ಕೇಳಿಸುತ್ತದೆ!

ಸಾಲುವಷ್ಟು ಎಂಬ ಅರ್ಥ ಹೀಗೆ ಜಾಸ್ತಿಯ ಕಡೆಗೆ ಜಾರಿದ್ದಕ್ಕೆ ಪತ್ರಿಕೆಗಳ ಭಾಷೆಯನ್ನು ದೂರುವುದು ಸರಿಯಲ್ಲ. ತೆಲುಗಿನಲ್ಲಿ ‘ಚಾಲು’ ಅಂದರೆ ಸಾಕು, ‘ಚಾಲಾ’ ಅಂದರೆ ತುಂಬಾ. ನಮ್ಮ ‘ಸಾಲದು’, ‘ಸಾಲುತ್ತದೆ’ಗಳೂ ಅದೇ ಬೇರಿನವು. ಹಳೆಯ ತಮಿಳಿನ ‘ಸಾಲ’ಕ್ಕೂ ತುಂಬಾ ಎಂದೇ ಅರ್ಥ. ಸಾಲುವುದು, ತುಂಬಿರುವುದು ಎರಡೂ ಹಿಂದಿನಿಂದಲೇ ಅಕ್ಕಪಕ್ಕದಲ್ಲಿವೆ.

ಇನ್ನು ಅಗತ್ಯ ಮೀರಿ ಉಳಿಯುವುದಕ್ಕೆ ‘ಮಿಗು’ ಚೆನ್ನಾಗಿದೆ. ಮಿಕ್ಕ ಅನ್ನ, ನೂರಕ್ಕೂ ಮಿಕ್ಕಿ, ಮಿಗತೆ ಬಜೆಟ್ ಎಲ್ಲ ಅದರವೇ. ಕಚೇರಿಯ ‘ಹೆಚ್ಚುವರಿ’ಯೇ ತೊಡಕು. ‘ಹೆಚ್ಚುವರಿ ಶಿಕ್ಷಕರು’ ಅಂದರೆ ಶಾಲೆಗೆ ಬೇಕಾದದ್ದಕ್ಕಿಂತ ಜಾಸ್ತಿ ಇರುವವರು, ಬೇರೆ ಶಾಲೆಗೆ ಹೋಗಬೇಕಾದವರು. ‘ಹೆಚ್ಚುವರಿ ಜಿಲ್ಲಾಧಿಕಾರಿ’ಯನ್ನು ಹಾಗೆ ಓದಿದರೆ ಪಾಪ, ಅವರು ಒಪ್ಪುತ್ತಾರೆಯೇ?

ಸೂಚನೆ ಬರೆಯುವಾಗ ಜಾಸ್ತಿಯ ಕಡೆಗೆ ಜಾರದ ಪದ ಬೇಕು. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದರೆ ಯಾರೂ ಹಿಡಿಗಟ್ಟಲೆ ಸುರಿಯುವುದಿಲ್ಲ. ಹಾಗಾಗಿ ‘ತಕ್ಕಷ್ಟು’ ನನಗೆ ಮೆಚ್ಚಿಗೆ. ಆದರೆ ಅದಕ್ಕೆ ಮೊದಲು ‘ರುಚಿಗೆ’, ‘ಅಕ್ಕಿಗೆ’ ಎಂಬಂಥ ಆಸರೆ ಬೇಕೇ ಬೇಕು. ಆಸರೆ ಇಲ್ಲದ ಕಡೆ ‘ಸಾಲುವಷ್ಟು’ ಬಳಸಬಹುದೇ? ನಿಮ್ಮ ಕಡೆಯ ಆಡುಮಾತಿನಲ್ಲಿ ಅದು ಬದುಕಿದೆಯೇ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಇದಕ್ಕೆ ಏನು ಹೇಳುತ್ತೀರಿ? ವಾಕ್ಯದ ಸಮೇತ ತಿಳಿಸಿ.